ಬಂಧನದ ಕಡತ: ಹೇಳುವುದೆಷ್ಟು, ಹೇಳದೆ ಬಿಡುವುದೆಷ್ಟು

ಅಮೆರಿಕದ ವಿಶ್ವವಿದ್ಯಾಲಯದ ಊರೊಂದರಲ್ಲಿ ಬಂಧನ ಮತ್ತು ಜೈಲು ದಾಖಲೆಗಳು ಯಾರಿಗೆ ತೆರೆದಿವೆ, ಅವನ್ನು ಹುಡುಕುವ ಬಗೆ ಯಾವುದು, ಓದುವ ಬಗೆ ಯಾವುದು

ಸರ್ಕಾರ ಒಬ್ಬ ಪ್ರಜೆಯನ್ನು ಹಿಡಿದು ಕೂಡಿಹಾಕಿದಾಗ, ಯಾರನ್ನು, ಯಾವ ಆರೋಪದ ಮೇಲೆ, ಎಲ್ಲಿ, ಎಷ್ಟು ಹೊತ್ತಿಗೆ ಹಿಡಿಯಿತು ಎಂಬುದನ್ನು ಊರಿನ ಯಾರು ಬೇಕಾದರೂ ಕೇಳಿ ತಿಳಿಯಬಹುದು ಎಂಬುದು ಅಮೆರಿಕದ ಕಾನೂನು ಪರಂಪರೆಯ ಹಳೆಯ ನಂಬಿಕೆಗಳಲ್ಲೊಂದು. ಗುಟ್ಟಾಗಿ ಬಂಧಿಸಬಲ್ಲ ಅಧಿಕಾರ ಗುಟ್ಟಾಗಿಯೇ ಹಿಂಸಿಸಬಲ್ಲದು, ಗುಟ್ಟಾಗಿಯೇ ಮನುಷ್ಯರನ್ನು ಕಾಣೆಮಾಡಬಲ್ಲದು ಎಂಬ ಭಯದಿಂದ ಹುಟ್ಟಿದ ಈ ನಂಬಿಕೆಯು ಬಂಧನದ ದಾಖಲೆಯನ್ನು ಪೊಲೀಸರ ಸ್ವತ್ತಾಗಿ ಉಳಿಯಗೊಡದೆ ಸಾರ್ವಜನಿಕರ ಕೈಗೆ ಒಪ್ಪಿಸಿತು. ಆದರೆ ಪೊಲೀಸರ ಮೇಲೆ ಕಣ್ಣಿಡಲೆಂದು ತೆರೆದ ಕಡತವು ಕಾಲಕ್ರಮದಲ್ಲಿ ಬಂಧಿತನ ಮೇಲೆಯೇ ಕಣ್ಣಿಡುವ ಸಾಧನವಾಗಿ ತಿರುಗಿಕೊಂಡಿತು. ಹದಿಹರೆಯ ದಾಟುತ್ತಿರುವವರೇ ಕಿಕ್ಕಿರಿದಿರುವ, ವಾರಾಂತ್ಯದ ಒಂದು ರಾತ್ರಿಯ ಅವಿವೇಕ ಮುಂದಿನ ಇಡೀ ಉದ್ಯೋಗ ಜೀವನದ ಬೆನ್ನು ಹತ್ತಬಲ್ಲ ವಿಶ್ವವಿದ್ಯಾಲಯದ ಊರುಗಳಲ್ಲಿ ಈ ತಿರುವಿನ ಫಲ ಎದ್ದು ಕಾಣುತ್ತದೆ. ಫ್ಲಾರಿಡಾ ರಾಜ್ಯದ ಉತ್ತರ ಭಾಗದಲ್ಲಿರುವ ಗೇನ್ಸ್‌ವಿಲ್ ನಗರವನ್ನು ಇದಕ್ಕೆ ಮಾದರಿಯಾಗಿ ತೆಗೆದುಕೊಳ್ಳಬಹುದು. ಏಕೆಂದರೆ ದಾಖಲೆಗಳನ್ನು ಅತಿ ಉದಾರವಾಗಿ ತೆರೆದಿಟ್ಟ ರಾಜ್ಯಗಳ ಸಾಲಿನಲ್ಲಿ ಫ್ಲಾರಿಡಾ ಮುಂಚೂಣಿಯಲ್ಲಿದೆ, ಮತ್ತು ಆ ಉದಾರತೆಯ ಲಾಭ ನಷ್ಟಗಳೆರಡನ್ನೂ ಗೇನ್ಸ್‌ವಿಲ್ ಕಂಡಿದೆ.

ಊರು, ಪೊಲೀಸರು, ಜೈಲು

2020ರ ಜನಗಣತಿಯಲ್ಲಿ ಸುಮಾರು 1.41 ಲಕ್ಷ ಜನಸಂಖ್ಯೆ ಹೊಂದಿದ್ದ ಗೇನ್ಸ್‌ವಿಲ್‌ನಲ್ಲಿ, 1906ರಿಂದ ಅಲ್ಲಿ ನೆಲೆಸಿರುವ ಫ್ಲಾರಿಡಾ ವಿಶ್ವವಿದ್ಯಾಲಯವೊಂದರಲ್ಲೇ 50,000ಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದಾರೆ. ಸಾಂಟಾ ಫೆ ಕಾಲೇಜಿನವರನ್ನು ಸೇರಿಸಿದರೆ ಈ ಸಂಖ್ಯೆ ಇನ್ನೂ ಹಿಗ್ಗುತ್ತದೆ. ಶರತ್ಕಾಲದ ಶನಿವಾರಗಳಲ್ಲಿ ಫುಟ್‌ಬಾಲ್ ಪಂದ್ಯ ನೋಡಲು ಕ್ರೀಡಾಂಗಣದಲ್ಲಿ ಸೇರುವ ಜನ 80,000ವನ್ನು ಮೀರುತ್ತಾರೆ, ಮತ್ತು ಕ್ರೀಡಾಂಗಣದ ಎದುರಿನ ಯೂನಿವರ್ಸಿಟಿ ಅವೆನ್ಯೂ ಉದ್ದಕ್ಕೂ ಇರುವ ಪಾನಗೃಹಗಳು ಅಂದು ತುಂಬಿ ತುಳುಕುತ್ತವೆ. 1984ರ ಒಕ್ಕೂಟ ಕಾಯ್ದೆಯ ಒತ್ತಡದಿಂದಾಗಿ ಅಮೆರಿಕದಾದ್ಯಂತ ಮದ್ಯ ಕೊಳ್ಳುವ ವಯಸ್ಸು 21 ಆಗಿರುವುದರಿಂದ, ಮತದಾನದ ವಯಸ್ಸಾಗಿದ್ದರೂ ಬಿಯರ್ ಹಿಡಿಯುವ ವಯಸ್ಸಾಗದ ಪದವಿ ವಿದ್ಯಾರ್ಥಿಗಳ ದೊಡ್ಡ ಸಮೂಹ ಈ ಊರಿನಲ್ಲಿ ಸದಾ ಕಾನೂನಿನ ಅಂಚಿನಲ್ಲೇ ನಡೆಯುತ್ತಿರುತ್ತದೆ. ಅಲ್ಲಿ ವಯಸ್ಸಾಗದವರು ಮದ್ಯ ಇಟ್ಟುಕೊಂಡರೆ 60 ದಿನಗಳವರೆಗೆ ಜೈಲು ವಿಧಿಸಬಹುದಾದ ಕಿರು ಅಪರಾಧವಾಗುತ್ತದೆ. ಪಾನಗೃಹದೊಳಗೆ ನುಗ್ಗಲು ನಕಲಿ ಚಾಲನಾ ಪರವಾನಗಿ ಇಟ್ಟುಕೊಂಡರೆ, ಬಹಳಷ್ಟು ವಿದ್ಯಾರ್ಥಿಗಳ ಊಹೆಗೂ ನಿಲುಕದಂತೆ, 5 ವರ್ಷಗಳವರೆಗೆ ಶಿಕ್ಷೆ ವಿಧಿಸಬಹುದಾದ ಘೋರ ಅಪರಾಧಗಳ ಗುಂಪಿಗೆ ಅದು ಸೇರುತ್ತದೆ. ಮೊದಲನೆಯ ಬಗೆಯನ್ನು ಅಲ್ಲಿನ ಕಾನೂನು ಮಿಸ್‌ಡಿಮೀನರ್ ಎಂದೂ ಎರಡನೆಯದನ್ನು ಫೆಲೊನಿ ಎಂದೂ ಕರೆಯುತ್ತದೆ. ಸ್ಥೂಲವಾಗಿ, ಒಂದು ವರ್ಷದವರೆಗಿನ ಶಿಕ್ಷೆಯನ್ನು ಸ್ಥಳೀಯ ಜೈಲಿನಲ್ಲೂ ಅದಕ್ಕೆ ಮೀರಿದ್ದನ್ನು ರಾಜ್ಯದ ಕಾರಾಗೃಹದಲ್ಲೂ ಅನುಭವಿಸಬೇಕಾಗುತ್ತದೆ.

ಈ ಊರಿನಲ್ಲಿ ಬಂಧಿಸುವ ಅಧಿಕಾರ ಒಬ್ಬರ ಕೈಯಲ್ಲಿಲ್ಲ. ನಗರದ ಬೀದಿಗಳಲ್ಲಿ ಗೇನ್ಸ್‌ವಿಲ್ ನಗರ ಪೊಲೀಸರು, ವಿಶ್ವವಿದ್ಯಾಲಯದ ಆವರಣದಲ್ಲಿ ಅದರದೇ ಆದ ಪೊಲೀಸ್ ಇಲಾಖೆ, ಸುತ್ತಲಿನ ಗ್ರಾಮಾಂತರದಲ್ಲಿ ಜನರಿಂದ ಚುನಾಯಿತನಾದ ಶೆರೀಫನ ಸಿಬ್ಬಂದಿ, ಹೆದ್ದಾರಿಗಳಲ್ಲಿ ರಾಜ್ಯದ ಗಸ್ತು ಪಡೆ ಹೀಗೆ ಹಲವು ಪಡೆಗಳು ಅಕ್ಕಪಕ್ಕದಲ್ಲಿ ಕೆಲಸ ಮಾಡುತ್ತವೆ. ಆದರೆ ಇವರೆಲ್ಲ ಹಿಡಿದವರು ಬಂದು ಸೇರುವುದು ನಮ್ಮ ಜಿಲ್ಲೆಯನ್ನು ಹೋಲುವ ಆಡಳಿತ ಘಟಕವಾದ ಅಲಾಚುವಾ ಕೌಂಟಿಯ ಒಂದೇ ಜೈಲಿಗೆ. ಆದ್ದರಿಂದ ಹಲವು ಕಡೆ ಹರಿದುಹೋಗಬಹುದಾದ ಮಾಹಿತಿ ಆ ಜೈಲಿನ ಬಾಗಿಲಲ್ಲಿ ಒಟ್ಟಾಗುತ್ತದೆ. ಅಲ್ಲಿ ನಡೆಯುವ ದಾಖಲಾತಿಗೆ ಬುಕಿಂಗ್ ಎಂದು ಹೆಸರು. ಹೆಸರು, ಜನ್ಮದಿನಾಂಕ, ಎತ್ತರ, ತೂಕ ಬರೆದುಕೊಳ್ಳುವುದು, ಹತ್ತು ಬೆರಳುಗಳ ಅಚ್ಚು ತೆಗೆಯುವುದು, ಮಗ್‌ಶಾಟ್ ಎಂದು ಪ್ರಸಿದ್ಧವಾದ ಮುಖಚಿತ್ರ ತೆಗೆಯುವುದು, ಜೇಬಿನಲ್ಲಿರುವ ವಸ್ತುಗಳ ಪಟ್ಟಿ ಮಾಡುವುದು, ಆರೋಗ್ಯ ವಿಚಾರಿಸುವುದು, ಬೇರೆಡೆ ವಾರೆಂಟ್ ಬಾಕಿಯಿದೆಯೇ ಎಂದು ನೋಡುವುದು, ಕೊನೆಗೆ ಆರೋಪದ ಕಲಮು ಮತ್ತು ಜಾಮೀನಿನ ಮೊತ್ತ ನಮೂದಿಸುವುದು ಇವೆಲ್ಲ ಆ ಪ್ರಕ್ರಿಯೆಯ ಹಂತಗಳು. ಈ ದಾಖಲಾತಿಯಲ್ಲಿ ಆರೋಪದ ಸತ್ಯಾಸತ್ಯತೆಯನ್ನು ಯಾರೂ ಪರೀಕ್ಷಿಸುವುದಿಲ್ಲ ಎಂಬುದು ಮುಂದಿನ ಎಲ್ಲ ಚರ್ಚೆಗೂ ತಳಹದಿ.

ಕಾನೂನು ತೆರೆದಿಟ್ಟದ್ದು, ಮುಚ್ಚಿಟ್ಟದ್ದು

ಫ್ಲಾರಿಡಾದ ಸಾರ್ವಜನಿಕ ದಾಖಲೆಗಳ ಕಾಯ್ದೆಯ ಮೂಲ 1909ರಷ್ಟು ಹಳೆಯದು. ಇಂದು ರಾಜ್ಯದ ಕಾನೂನು ಸಂಹಿತೆಯ 119ನೇ ಅಧ್ಯಾಯವಾಗಿರುವ ಈ ಕಾಯ್ದೆಗೆ 1992ರಲ್ಲಿ ಮತದಾರರು ಸಂವಿಧಾನದ ಬಲವನ್ನೂ ಸೇರಿಸಿದರು. ಮುಂದೆ 2002ರ ತಿದ್ದುಪಡಿಯಿಂದಾಗಿ, ಯಾವುದೇ ದಾಖಲೆಯನ್ನು ಹೊಸದಾಗಿ ಗುಟ್ಟಾಗಿಡಬೇಕಾದರೆ ಶಾಸಕಾಂಗದ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕೆಂದಾಯಿತು. ದಾಖಲೆ ಕೇಳುವವನು ಆ ರಾಜ್ಯದ ನಿವಾಸಿಯಾಗಿರಬೇಕಿಲ್ಲ, ತನ್ನ ಹೆಸರು ಹೇಳಬೇಕಿಲ್ಲ, ಕಾರಣ ಕೊಡಬೇಕಿಲ್ಲ. ಸಾಮಾನ್ಯ ಗಾತ್ರದ ಒಂದು ಪುಟದ ಪ್ರತಿಗೆ 15 ಸೆಂಟ್‌ಗಿಂತ ಹೆಚ್ಚು ಕೇಳುವಂತಿಲ್ಲ, ಶೋಧನೆಗೆ ಬಹಳ ಸಮಯ ಹಿಡಿದರೆ ಮಾತ್ರ ಸಿಬ್ಬಂದಿಯ ಶ್ರಮಕ್ಕೆ ಪ್ರತ್ಯೇಕ ಶುಲ್ಕ ವಿಧಿಸಬಹುದು. ತಿಳಿದೂ ತಿಳಿದೂ ದಾಖಲೆ ನಿರಾಕರಿಸಿದ ಅಧಿಕಾರಿ ಸ್ವತಃ ಶಿಕ್ಷೆಗೆ ಗುರಿಯಾಗಬಹುದು. ಮಗ ಅಥವಾ ಮಗಳನ್ನು ಆ ಊರಿಗೆ ಓದಲು ಕಳಿಸಿ ಹುಬ್ಬಳ್ಳಿಯಲ್ಲಿ ಕುಳಿತಿರುವ ತಂದೆತಾಯಿಗೂ ಈ ಹಕ್ಕು ಅಲ್ಲಿನ ಪತ್ರಕರ್ತನಿಗಿರುವಷ್ಟೇ ಇದೆ.

ನಡೆಯುತ್ತಿರುವ ತನಿಖೆಯ ವಿವರಗಳನ್ನು ಕಾಯ್ದೆ ಗೋಪ್ಯವಾಗಿಡುತ್ತದೆ. ಆದರೆ ಬಂಧನದ ಮೂಲ ಸಂಗತಿಗಳನ್ನು ಆ ಗೋಪ್ಯತೆಯಿಂದ ಹೊರಗಿಡುತ್ತದೆ. ಬಂಧಿತನ ಹೆಸರು, ಲಿಂಗ, ವಯಸ್ಸು, ವಿಳಾಸ, ಬಂಧನದ ಸಮಯ, ದಿನಾಂಕ ಮತ್ತು ಸ್ಥಳ, ಹೊರಿಸಿದ ಅಪರಾಧ ಇವನ್ನು ತನಿಖೆಯ ನೆಪದಲ್ಲಿ ಅಡಗಿಸುವಂತಿಲ್ಲ. ಇದಕ್ಕೆ ಎದುರಾಗಿ, ಲೈಂಗಿಕ ಅಪರಾಧಗಳಿಗೆ ಒಳಗಾದವರ ಗುರುತು, ಪ್ರಕರಣ ಇತ್ಯರ್ಥವಾಗುವವರೆಗೆ ತಪ್ಪೊಪ್ಪಿಗೆಯ ಸಾರ, ಕೆಲವು ವಿನಾಯಿತಿಗಳನ್ನು ಬಿಟ್ಟರೆ 18 ವರ್ಷ ತುಂಬದವರ ದಾಖಲೆ ಮುಚ್ಚಿದ ಬಾಗಿಲ ಹಿಂದೆಯೇ ಉಳಿಯುತ್ತವೆ. ವಿಚಿತ್ರ ಅಪರಾಧಗಳ ಸುದ್ದಿಗಳಿಂದಾಗಿ 'ಫ್ಲಾರಿಡಾ ಮ್ಯಾನ್' ಎಂಬ ನಗೆಪಾತ್ರ ಜಗತ್ತಿನಾದ್ಯಂತ ಹೆಸರಾಗಿರುವುದಕ್ಕೂ ಈ ಕಾಯ್ದೆಗೂ ಸಂಬಂಧವಿದೆ. ಅಲ್ಲಿನವರು ಉಳಿದವರಿಗಿಂತ ವಿಚಿತ್ರರೆಂಬುದಕ್ಕಿಂತ, ಬಂಧನದ ವಿವರಗಳು ಅಲ್ಲಿನ ವರದಿಗಾರನಿಗೆ ಬೇರೆಡೆಗಿಂತ ಬೇಗ, ಬೇರೆಡೆಗಿಂತ ಅಗ್ಗವಾಗಿ ದೊರೆಯುತ್ತವೆ ಎಂಬುದು ಆ ಖ್ಯಾತಿಗೆ ಹೆಚ್ಚು ಒಪ್ಪುವ ವಿವರಣೆ.

ಹುಡುಕುವ ಕ್ರಮ

ಬಂಧನದ ಸುದ್ದಿ ಕೇಳಿ ಹುಡುಕಲು ಹೊರಟವರು ಸಾಮಾನ್ಯವಾಗಿ ಮೊದಲು ನೋಡುವುದು ಕೌಂಟಿ ಜೈಲಿನ ಕೈದಿಗಳ ಪಟ್ಟಿಯನ್ನು. ಅಲ್ಲಿ ಹೆಸರು, ದಾಖಲಾತಿ ಸಂಖ್ಯೆ, ಆರೋಪಗಳು, ಬಂಧಿಸಿದ ಇಲಾಖೆ, ಜಾಮೀನು ಇಷ್ಟು ಸಿಗುತ್ತವೆ. ಆದರೆ ಈ ಪಟ್ಟಿ ಮುಖ್ಯವಾಗಿ ಅಂದು ಒಳಗಿರುವವರದು. ಜಾಮೀನು ಕಟ್ಟಿ ಕೆಲವೇ ಗಂಟೆಗಳಲ್ಲಿ ಹೊರಬಂದವನ ಹೆಸರು ಅದರಲ್ಲಿ ಕಾಣದಿರಬಹುದು. ಸಣ್ಣ ಅಪರಾಧಗಳಲ್ಲಿ ಪೊಲೀಸರು ಜೈಲಿಗೆ ಒಯ್ಯುವ ಬದಲು, ಇಂಥ ದಿನ ನ್ಯಾಯಾಲಯಕ್ಕೆ ಬರಬೇಕೆಂಬ ಹಾಜರಾತಿ ಪತ್ರ ಕೊಟ್ಟು ಸ್ಥಳದಲ್ಲೇ ಬಿಡುವ ಅವಕಾಶವೂ ಇರುವುದರಿಂದ, ಮದ್ಯ ಅಥವಾ ಗದ್ದಲಕ್ಕೆ ಸಂಬಂಧಿಸಿದ ವಿದ್ಯಾರ್ಥಿ ಪ್ರಕರಣಗಳಲ್ಲಿ ಕೆಲವು ಜೈಲಿನ ಹೊಸ್ತಿಲನ್ನು ತುಳಿಯದೆಯೇ ನ್ಯಾಯಾಲಯ ಸೇರುತ್ತವೆ. ಜೈಲಿನ ಪಟ್ಟಿಯಲ್ಲಿ ಹೆಸರಿಲ್ಲವೆಂದ ಮಾತ್ರಕ್ಕೆ ಬಂಧನವಾಗಿಲ್ಲವೆಂದೂ, ಇದೆಯೆಂದ ಮಾತ್ರಕ್ಕೆ ಅಪರಾಧವಾಗಿದೆಯೆಂದೂ ತೀರ್ಮಾನಿಸುವಂತಿಲ್ಲ.

ಎರಡನೆಯ ನಿಲ್ದಾಣ ಬಂಧನದ ವರದಿ. ಬಂಧಿಸಿದ ಅಧಿಕಾರಿ ಪ್ರಮಾಣಪೂರ್ವಕವಾಗಿ ಬರೆದುಕೊಡುವ ಈ ವರದಿಯು, ಬಂಧನಕ್ಕೆ ಸಾಕಷ್ಟು ಕಾರಣವಿತ್ತೆಂದು ನ್ಯಾಯಾಧೀಶರಿಗೆ ತೋರಿಸುವ ಪತ್ರ. ಅದರಲ್ಲಿರುವುದು ಒಂದು ಪಕ್ಷದ ಹೇಳಿಕೆ ಮಾತ್ರ. ಬಂಧಿತನನ್ನು 24 ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಲೇಬೇಕು ಎಂಬ ನಿಯಮದಂತೆ ಮೊದಲ ಹಾಜರಾತಿ ನಡೆಯುತ್ತದೆ, ಅಲ್ಲಿ ಜಾಮೀನು ಮತ್ತು ಬಿಡುಗಡೆಯ ಷರತ್ತುಗಳು ನಿಗದಿಯಾಗುತ್ತವೆ. ಅಲ್ಲಿಂದ ಕಡತ ಚುನಾಯಿತ ಅಭಿಯೋಜಕನ, ಅಂದರೆ ಸರ್ಕಾರದ ಪರವಾಗಿ ಮೊಕದ್ದಮೆ ಹೂಡುವ ಅಧಿಕಾರಿಯ ಕಚೇರಿಗೆ ಹೋಗುತ್ತದೆ. ಅಲಾಚುವಾ ಸೇರಿದಂತೆ ಆರು ಕೌಂಟಿಗಳ ಎಂಟನೇ ನ್ಯಾಯ ವಲಯಕ್ಕೆ ಒಬ್ಬನೇ ಅಭಿಯೋಜಕನಿದ್ದು, ಪೊಲೀಸರು ಬರೆದ ಆರೋಪವನ್ನೇ ಆತ ಮುಂದುವರಿಸಬೇಕೆಂದಿಲ್ಲ. ಅದನ್ನು ಕಡಿಮೆ ಮಾಡಬಹುದು, ಬದಲಿಸಬಹುದು, ಸಾಕ್ಷ್ಯ ಸಾಲದೆಂದು ಪೂರ್ತಿಯಾಗಿ ಕೈಬಿಡಲೂಬಹುದು. ಬಂಧಿತ ಜೈಲಿನಲ್ಲೇ ಇದ್ದರೆ ಸಾಮಾನ್ಯವಾಗಿ 30 ದಿನಗಳೊಳಗೆ ವಿಧ್ಯುಕ್ತ ಆರೋಪ ಸಲ್ಲಿಕೆಯಾಗಬೇಕು. ಹೀಗಾಗಿ ಬಂಧನದ ದಿನ ಜೈಲಿನ ಪಟ್ಟಿಯಲ್ಲಿ ಫೆಲೊನಿ ಎಂದು ಕಂಡದ್ದು ತಿಂಗಳೊಳಗೆ ಮಿಸ್‌ಡಿಮೀನರ್ ಆಗಿ ಇಳಿಯುವುದೂ ಇಲ್ಲವಾಗುವುದೂ ಅಪರೂಪವಲ್ಲ.

ಈ ಕಾರಣದಿಂದ ಮೂರನೆಯದೂ ಅತ್ಯಂತ ಮುಖ್ಯವೂ ಆದ ನಿಲ್ದಾಣ ನ್ಯಾಯಾಲಯದ ದಾಖಲೆಗಳನ್ನು ಕಾಯುವ ಕೌಂಟಿ ಗುಮಾಸ್ತನ ಕಚೇರಿ. ಗುಮಾಸ್ತ ಎಂಬ ಹೆಸರು ಚಿಕ್ಕದಾಗಿ ಕೇಳಿದರೂ ಅದು ಫ್ಲಾರಿಡಾದಲ್ಲಿ ಚುನಾಯಿತ ಹುದ್ದೆ. ಪ್ರಕರಣದ ಪ್ರತಿಯೊಂದು ಅರ್ಜಿ, ಆದೇಶ, ತೀರ್ಪು ಅಲ್ಲಿ ಸೇರುತ್ತದೆ, ಮತ್ತು ಪ್ರಕರಣ ಹೇಗೆ ಮುಗಿಯಿತು ಎಂಬ ಪ್ರಶ್ನೆಗೆ ಅಧಿಕೃತ ಉತ್ತರ ಅಲ್ಲಿ ಮಾತ್ರ ಸಿಗುತ್ತದೆ. ಆ ಉತ್ತರಗಳಲ್ಲೂ ಬಗೆಗಳುಂಟು. ಖುಲಾಸೆ, ವಜಾ, ಅಭಿಯೋಜಕ ಕೈಬಿಟ್ಟದ್ದು, ತರಗತಿ ಅಥವಾ ಸಮುದಾಯ ಸೇವೆ ಮುಗಿಸಿದರೆ ಆರೋಪ ಹಿಂತೆಗೆಯುವ ಒಪ್ಪಂದ, ಇವೆಲ್ಲವುಗಳಿಗಿಂತ ಬೇರೆಯಾಗಿ ಫ್ಲಾರಿಡಾದಲ್ಲಿ ಬಹಳ ಬಳಕೆಯಲ್ಲಿರುವ ಇನ್ನೊಂದು ಬಗೆಯಿದೆ: ಆಪಾದಿತ ತಪ್ಪೊಪ್ಪಿಕೊಂಡರೂ ನ್ಯಾಯಾಧೀಶರು ಅಪರಾಧಿಯೆಂಬ ಘೋಷಣೆಯನ್ನು ತಡೆಹಿಡಿದು, ಷರತ್ತುಗಳ ಮೇಲೆ ಬಿಟ್ಟುಬಿಡುವುದು. ರಾಜ್ಯದ ಕಾನೂನಿನ ಕಣ್ಣಿನಲ್ಲಿ ಹಲವು ಉದ್ದೇಶಗಳಿಗೆ ಇದು ಶಿಕ್ಷಾ ತೀರ್ಪಾಗುವುದಿಲ್ಲ. ಆದರೆ ಒಕ್ಕೂಟದ ವಲಸೆ ಕಾನೂನು ಇದನ್ನು ಬೇರೆಯಾಗಿಯೇ ಎಣಿಸುತ್ತದೆ.

ರಾಜ್ಯದಾದ್ಯಂತದ ಚರಿತ್ರೆ ಬೇಕಾದರೆ ಫ್ಲಾರಿಡಾದ ಕಾನೂನು ಪಾಲನಾ ಇಲಾಖೆಗೆ 24 ಡಾಲರ್ ಕಟ್ಟಿ ಹೆಸರಿನ ಮೇಲೆ ವರದಿ ಪಡೆಯಬಹುದು. ಇಡೀ ದೇಶದ ಪೊಲೀಸರು ಬಳಸುವ ಎಫ್‌ಬಿಐ ಭಂಡಾರ ಮಾತ್ರ ಸಾರ್ವಜನಿಕರಿಗೆ ತೆರೆದಿಲ್ಲ. 1989ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎಫ್‌ಬಿಐ ಸಂಗ್ರಹಿಸಿದ ಅಪರಾಧ ಚರಿತ್ರೆಯ ಹಾಳೆಗಳನ್ನು ಬಹಿರಂಗಪಡಿಸಲು ನಿರಾಕರಿಸುತ್ತಾ ಮುಖ್ಯವಾದ ತತ್ತ್ವವೊಂದನ್ನು ಮುಂದಿಟ್ಟಿತು: ಬೇರೆ ಬೇರೆ ಊರುಗಳ ಕಚೇರಿಗಳಲ್ಲಿ ಚದುರಿ ಬಿದ್ದಿರುವ ಬಹಿರಂಗ ಕಾಗದಗಳಿಗೂ, ಅವನ್ನೆಲ್ಲ ಒಂದೆಡೆ ಕೂಡಿಸಿದ ಕಂಪ್ಯೂಟರ್ ಕಡತಕ್ಕೂ ಖಾಸಗಿತನದ ದೃಷ್ಟಿಯಿಂದ ಅಪಾರ ವ್ಯತ್ಯಾಸವಿದೆ. ಮುಂದೆ ಅಂತರಜಾಲ ಮಾಡಿದ್ದು ಇದೇ ವ್ಯತ್ಯಾಸವನ್ನು ಅಳಿಸುವ ಕೆಲಸ.

ಕ್ಯಾಂಪಸ್ಸಿನ ಪ್ರತ್ಯೇಕ ಪುಸ್ತಕ

ವಿಶ್ವವಿದ್ಯಾಲಯದ ಊರಿನಲ್ಲಿ ನಾಲ್ಕನೆಯ ಮೂಲವೂ ಒಂದಿದೆ, ಅದು ಉಳಿದ ಊರುಗಳಲ್ಲಿಲ್ಲ. 1986ರಲ್ಲಿ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದ ವಸತಿ ನಿಲಯದಲ್ಲಿ ಜೀನ್ ಕ್ಲೆರಿ ಎಂಬ ವಿದ್ಯಾರ್ಥಿನಿಯ ಕೊಲೆಯಾದ ಬಳಿಕ, ಕ್ಯಾಂಪಸ್ಸುಗಳಲ್ಲಿ ನಡೆಯುವ ಅಪರಾಧಗಳನ್ನು ಸಂಸ್ಥೆಗಳು ಮರೆಮಾಚುತ್ತವೆಂದು ಆಕೆಯ ತಂದೆತಾಯಿ ನಡೆಸಿದ ಹೋರಾಟದ ಫಲವಾಗಿ 1990ರಲ್ಲಿ ಒಕ್ಕೂಟ ಕಾಯ್ದೆಯೊಂದು ಬಂತು. 1998ರಲ್ಲಿ ಅದಕ್ಕೆ ಆಕೆಯ ಹೆಸರನ್ನೇ ಇಡಲಾಯಿತು. ಇದರನ್ವಯ ಒಕ್ಕೂಟದ ವಿದ್ಯಾರ್ಥಿ ನೆರವು ಪಡೆಯುವ ಪ್ರತಿ ಸಂಸ್ಥೆ ವರ್ಷಕ್ಕೊಮ್ಮೆ ಅಕ್ಟೋಬರ್ 1ರೊಳಗೆ ಭದ್ರತಾ ವರದಿ ಪ್ರಕಟಿಸಬೇಕು, ಪೊಲೀಸ್ ಅಥವಾ ಭದ್ರತಾ ಇಲಾಖೆಯಿರುವ ಸಂಸ್ಥೆಗಳು ದೈನಂದಿನ ಅಪರಾಧ ಪುಸ್ತಕವನ್ನೂ ಇಡಬೇಕು. ವರದಿಯಾದ ಅಪರಾಧವನ್ನು ಎರಡು ಕೆಲಸದ ದಿನಗಳೊಳಗೆ ಅದರಲ್ಲಿ ಬರೆಯಬೇಕು, ಕಳೆದ 60 ದಿನಗಳ ಪುಸ್ತಕವನ್ನು ಕಚೇರಿ ವೇಳೆಯಲ್ಲಿ ಕೇಳಿದವರಿಗೆಲ್ಲ ತೋರಿಸಬೇಕು. ಈ ಪುಸ್ತಕದಲ್ಲಿ ಅಪರಾಧದ ಬಗೆ, ಸ್ಥಳ, ಸಮಯ, ಪ್ರಕರಣದ ಸ್ಥಿತಿ ಇರುತ್ತವೆ. ಹೆಸರು ಬರೆಯಬೇಕೆಂದು ಕಾಯ್ದೆ ಕೇಳುವುದಿಲ್ಲ.

ವಿದ್ಯಾರ್ಥಿಗಳ ಶೈಕ್ಷಣಿಕ ದಾಖಲೆಗಳನ್ನು ಕಾಪಾಡುವ 1974ರ ಖಾಸಗಿತನ ಕಾಯ್ದೆಯ ಮರೆಯಲ್ಲಿ ಪೊಲೀಸ್ ವರದಿಗಳನ್ನೂ ಅಡಗಿಸಲು ಸಂಸ್ಥೆಗಳು ಯತ್ನಿಸಿದ್ದುಂಟು. ಮಿಸೌರಿಯ ಸರ್ಕಾರಿ ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿ ಸಂಪಾದಕಿ ಹೂಡಿದ ಮೊಕದ್ದಮೆಯಲ್ಲಿ 1991ರಲ್ಲಿ ಒಕ್ಕೂಟದ ನ್ಯಾಯಾಲಯ ಈ ವಾದವನ್ನು ತಳ್ಳಿಹಾಕಿತು, ಮರುವರ್ಷವೇ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದು ಕ್ಯಾಂಪಸ್ ಪೊಲೀಸರ ದಾಖಲೆಗಳು ಶೈಕ್ಷಣಿಕ ದಾಖಲೆಗಳಲ್ಲವೆಂದು ಸ್ಪಷ್ಟಪಡಿಸಿತು. ಆದ್ದರಿಂದ ಇಂದು ಒಂದೇ ರಾತ್ರಿಯ ಒಂದೇ ಘಟನೆ ಎರಡು ದಾರಿ ಹಿಡಿಯುತ್ತದೆ: ಪೊಲೀಸರ ಕಡತ ಊರಿಗೆಲ್ಲ ತೆರೆದಿರುತ್ತದೆ, ಅದೇ ಘಟನೆಯ ಬಗ್ಗೆ ವಿಶ್ವವಿದ್ಯಾಲಯದ ಶಿಸ್ತು ಸಮಿತಿ ನಡೆಸಿದ ವಿಚಾರಣೆಯ ಕಡತ ಬಹುಪಾಲು ಮುಚ್ಚಿರುತ್ತದೆ. ವಿದ್ಯಾರ್ಥಿ ನಿರ್ದೋಷಿಯೆಂದು ಶಿಸ್ತು ಸಮಿತಿ ಕಂಡುಕೊಂಡರೆ ಆ ಸಂಗತಿ ಹೊರಗೆ ಬರುವ ದಾರಿ ಕಿರಿದು. ಆತ ಬಂಧಿತನಾದನೆಂಬ ಸಂಗತಿಗೆ ದಾರಿ ರಾಜಬೀದಿಯಷ್ಟು ಅಗಲ.

1990ರ ಪಾಠ

1990ರ ಆಗಸ್ಟ್ ಕೊನೆಯ ವಾರ, ಹೊಸ ಶೈಕ್ಷಣಿಕ ವರ್ಷ ಆರಂಭವಾಗುತ್ತಿದ್ದಾಗಲೇ ಗೇನ್ಸ್‌ವಿಲ್‌ನಲ್ಲಿ ಐವರು ಕಾಲೇಜು ವಿದ್ಯಾರ್ಥಿಗಳ ಕೊಲೆಯಾಯಿತು. ಭಯಗೊಂಡ ಸಾವಿರಾರು ವಿದ್ಯಾರ್ಥಿಗಳು ಊರು ಬಿಟ್ಟರು, ದೇಶದ ಮಾಧ್ಯಮಗಳೆಲ್ಲ ಊರಿಗೆ ಬಂದವು. ಅದೇ ವಾರ 18 ವರ್ಷದ ವಿದ್ಯಾರ್ಥಿಯೊಬ್ಬ ಬೇರೊಂದು ಕೌಂಟಿಯಲ್ಲಿ, ಕೊಲೆಗಳಿಗೆ ಸಂಬಂಧವೇ ಇಲ್ಲದ ಕೌಟುಂಬಿಕ ಜಗಳದ ಆರೋಪದ ಮೇಲೆ ಬಂಧಿತನಾದ. ಅಂಥ ಆರೋಪಕ್ಕೆ ಕೇಳರಿಯದ 10 ಲಕ್ಷ ಡಾಲರ್ ಜಾಮೀನು ನಿಗದಿಯಾಯಿತು. ಕೊಲೆಗಳ ಶಂಕಿತರಲ್ಲಿ ಅವನೂ ಒಬ್ಬನೆಂಬ ಸುದ್ದಿ ಹರಡಿ, ಅವನ ಮುಖಚಿತ್ರ ದೇಶದಾದ್ಯಂತ ಪತ್ರಿಕೆ ಮತ್ತು ದೂರದರ್ಶನಗಳಲ್ಲಿ ಹರಿದಾಡಿತು. ಕೊಲೆಗಳ ಆರೋಪ ಅವನ ಮೇಲೆ ಎಂದೂ ದಾಖಲಾಗಲಿಲ್ಲ.

ನಿಜವಾದ ಕೊಲೆಗಾರ ಡ್ಯಾನಿ ರೋಲಿಂಗ್ ಸೆಪ್ಟೆಂಬರ್ ಮೊದಲ ಭಾಗದಲ್ಲೇ ಪಕ್ಕದ ಮೇರಿಯನ್ ಕೌಂಟಿಯ ಓಕಾಲಾದಲ್ಲಿ ದಿನಸಿ ಅಂಗಡಿ ದರೋಡೆಯ ಆರೋಪದ ಮೇಲೆ ಸೆರೆಸಿಕ್ಕಿ ಅಲ್ಲಿನ ಜೈಲಿನಲ್ಲಿದ್ದ. ಅವನ ದಾಖಲಾತಿಯೂ ನಿಯಮದಂತೆ ಆಗಿತ್ತು, ಅದೂ ಬಹಿರಂಗ ದಾಖಲೆಯೇ ಆಗಿತ್ತು. ಆದರೆ ಅದರಲ್ಲಿ ಇದ್ದದ್ದು ದರೋಡೆ ಎಂಬ ಮಾತು ಮಾತ್ರ. 1991ರ ನವೆಂಬರಿನಲ್ಲಿ ಅವನ ಮೇಲೆ ಕೊಲೆಗಳ ಆರೋಪ ಹೊರಿಸಲಾಯಿತು, 1994ರ ಫೆಬ್ರವರಿಯಲ್ಲಿ ಅವನು ತಪ್ಪೊಪ್ಪಿಕೊಂಡ, 2006ರ ಅಕ್ಟೋಬರ್ 25ರಂದು ಗೇನ್ಸ್‌ವಿಲ್‌ಗೆ ಹೆಚ್ಚು ದೂರವಿಲ್ಲದ ರಾಜ್ಯ ಕಾರಾಗೃಹದಲ್ಲಿ ಅವನಿಗೆ ಮರಣದಂಡನೆಯಾಯಿತು. ಒಂದು ಕಡತವು ಕೊಲೆ ಮಾಡದವನನ್ನು ಊರಿನ ಕಣ್ಣಿನಲ್ಲಿ ಕೊಲೆಗಾರನನ್ನಾಗಿ ಮಾಡಿತು, ಇನ್ನೊಂದು ಕಡತವು ಕೊಲೆಗಾರನನ್ನು ಸಾಮಾನ್ಯ ದರೋಡೆಕೋರನಾಗಿ ತೋರಿಸಿತು. ಎರಡೂ ಕಡತಗಳಲ್ಲಿ ಬರೆದದ್ದು ಅಕ್ಷರಶಃ ಸರಿಯಾಗಿತ್ತು. ಬಂಧನದ ದಾಖಲೆಯನ್ನು ಓದುವವರು ಮರೆಯಬಾರದ ಸಂಗತಿ ಇದು.

ಆದರೂ ಈ ಪ್ರಕರಣವನ್ನು ಮುಚ್ಚಿದ ಕಡತಗಳ ಪರವಾದ ವಾದವಾಗಿ ಮಾತ್ರ ನೋಡಿದರೆ ತಪ್ಪಾಗುತ್ತದೆ. ಆ ಯುವಕನ ಮೇಲಿನ ಆರೋಪ ಎಷ್ಟು ಚಿಕ್ಕದು, ಜಾಮೀನು ಎಷ್ಟು ದೊಡ್ಡದು ಎಂಬ ಅಂತರ ಜನರಿಗೆ ತಿಳಿದದ್ದೂ ಆ ದಾಖಲೆಗಳು ತೆರೆದಿದ್ದುದರಿಂದಲೇ. ರೋಲಿಂಗ್ ವಿಚಾರಣೆಯ ವೇಳೆ ಕೊಲೆಯ ಸ್ಥಳದ ಛಾಯಾಚಿತ್ರಗಳನ್ನು ಬಹಿರಂಗಪಡಿಸಬೇಕೆ ಎಂಬ ವಿವಾದ ಬಂದಾಗ, ಗೇನ್ಸ್‌ವಿಲ್‌ನ ನ್ಯಾಯಾಧೀಶ ಸ್ಟಾನ್ ಮಾರಿಸ್ ಮಧ್ಯದ ದಾರಿ ಹಿಡಿದರು: ಸಾರ್ವಜನಿಕರು ಕಚೇರಿಗೆ ಬಂದು ಚಿತ್ರಗಳನ್ನು ನೋಡಬಹುದು, ಪ್ರತಿ ಮಾಡಿಕೊಂಡು ಒಯ್ಯುವಂತಿಲ್ಲ. ನೋಡುವ ಹಕ್ಕನ್ನೂ ಹರಡುವ ಹಕ್ಕನ್ನೂ ಬೇರ್ಪಡಿಸಬಹುದೆಂದು ತೋರಿಸಿದ ಈ ಆದೇಶ, ಅಂತರಜಾಲ ಮನೆಮನೆಗೆ ಬರುವ ಮುನ್ನವೇ ಮುಂದಿನ ಕಾಲದ ಪ್ರಶ್ನೆಯನ್ನು ಹಿಡಿದಿತ್ತು.

ಮುಖಚಿತ್ರದ ವ್ಯಾಪಾರ

ಕಡತ ಕಾಗದವಾಗಿದ್ದಾಗ ಅದನ್ನು ನೋಡಲು ಜೈಲಿನವರೆಗೆ ಹೋಗಬೇಕಿತ್ತು, ಹೋಗುವವರಿಗೆ ಕಾರಣವಿರುತ್ತಿತ್ತು. ಜೈಲುಗಳು ಪಟ್ಟಿಗಳನ್ನು ಅಂತರಜಾಲಕ್ಕೆ ಏರಿಸಿದ ಮೇಲೆ, ಖಾಸಗಿ ಕಂಪನಿಗಳು ಸ್ವಯಂಚಾಲಿತ ತಂತ್ರಾಂಶದಿಂದ ಸಾವಿರಾರು ಮುಖಚಿತ್ರಗಳನ್ನು ಸಂಗ್ರಹಿಸಿ ತಮ್ಮ ತಾಣಗಳಲ್ಲಿ ಹರಡಿದವು, ಹೆಸರು ಹುಡುಕಿದವರಿಗೆ ಮೊದಲು ಕಾಣುವುದು ಅದೇ ಚಿತ್ರವಾಗುವಂತೆ ನೋಡಿಕೊಂಡವು, ಆಮೇಲೆ ಚಿತ್ರ ತೆಗೆಸಬೇಕಾದರೆ ನೂರಾರು ಡಾಲರ್ ಕೊಡಬೇಕೆಂದವು. ಜಾರ್ಜಿಯಾ ವಿಶ್ವವಿದ್ಯಾಲಯದ ಅಥೆನ್ಸ್ ಊರಿರುವ ಜಾರ್ಜಿಯಾ ರಾಜ್ಯವು 2013ರಲ್ಲಿ ಇಂಥ ಶುಲ್ಕಕ್ಕೆ ಕಡಿವಾಣ ಹಾಕಿ, 2014ರಲ್ಲಿ ಬಂಧಿಸಿದ ಇಲಾಖೆಗಳು ಮುಖಚಿತ್ರಗಳನ್ನು ತಮ್ಮ ತಾಣಗಳಲ್ಲಿ ಹಾಕುವುದನ್ನೇ ನಿಷೇಧಿಸಿತು. ಫ್ಲಾರಿಡಾ 2018ರಿಂದ ಜಾರಿಗೆ ಬಂದ ಕಾನೂನಿನಲ್ಲಿ ಚಿತ್ರ ತೆಗೆಯಲು ಹಣ ಕೇಳುವುದನ್ನು ತಡೆದು, ಲಿಖಿತ ಕೋರಿಕೆ ಬಂದ 10 ದಿನಗಳೊಳಗೆ ಚಿತ್ರ ತೆಗೆಯದೆ, ಬಳಿಕ ನ್ಯಾಯಾಲಯದ ಆದೇಶವನ್ನೂ ಪಾಲಿಸದ ಪ್ರಕಾಶಕರಿಗೆ ದಿನಕ್ಕೆ 1,000 ಡಾಲರ್ ದಂಡದ ಭಯವಿಟ್ಟಿತು. ಜೈಲಿನ ಮೂಲ ದಾಖಲೆಗೆ ಅದು ಕೈಹಾಕಲಿಲ್ಲ. 2020ರಲ್ಲಿ ಹಲವು ಅಮೆರಿಕನ್ ಪತ್ರಿಕೆಗಳು, ಸುದ್ದಿಯ ಸಂದರ್ಭವಿಲ್ಲದೆ ಬಂಧಿತರ ಮುಖಗಳನ್ನು ಸಾಲಾಗಿ ಜೋಡಿಸುವ ಚಿತ್ರಮಾಲೆಗಳನ್ನು ತಾವಾಗಿಯೇ ನಿಲ್ಲಿಸಿದವು.

ಉದ್ಯೋಗದಾತರಿಗೂ ಕಾನೂನು ಕೆಲವು ಮಿತಿಗಳನ್ನು ಹಾಕಿದೆ. 1970ರ ಒಕ್ಕೂಟ ಕಾಯ್ದೆಯ ಪ್ರಕಾರ ಹಿನ್ನೆಲೆ ಪರಿಶೀಲಿಸುವ ಕಂಪನಿಗಳು, ಹೆಚ್ಚಿನ ಸಂಬಳದ ಹುದ್ದೆಗಳನ್ನು ಬಿಟ್ಟರೆ, ಶಿಕ್ಷೆಯಾಗದ ಬಂಧನವನ್ನು 7 ವರ್ಷಗಳ ಬಳಿಕ ವರದಿ ಮಾಡುವಂತಿಲ್ಲ. ಬಂಧನವೊಂದೇ ಅಪರಾಧಕ್ಕೆ ಪುರಾವೆಯಲ್ಲವೆಂದು ಸಮಾನ ಉದ್ಯೋಗಾವಕಾಶ ಆಯೋಗ 2012ರ ತನ್ನ ಮಾರ್ಗದರ್ಶಿಯಲ್ಲಿ ಹೇಳಿದೆ. ಆದರೆ ಸಂದರ್ಶನಕ್ಕೆ ಮುನ್ನ ಹುಡುಕುತಾಣದಲ್ಲಿ ಹೆಸರು ಬರೆದು ನೋಡುವ ಅಧಿಕಾರಿಯನ್ನು ಈ ನಿಯಮಗಳು ತಡೆಯಲಾರವು.

ಅಳಿಸುವ ಹಾದಿ

ಪ್ರಕರಣ ಕೈಬಿಟ್ಟುಹೋದವನಿಗೆ ಫ್ಲಾರಿಡಾ ಎರಡು ಪರಿಹಾರಗಳನ್ನು ಕೊಡುತ್ತದೆ. ದಾಖಲೆಗೆ ಮುದ್ರೆ ಹಾಕಿಸುವುದೆಂದರೆ ಕಡತ ಉಳಿಯುತ್ತದೆ, ಸಾರ್ವಜನಿಕರಿಗೆ ಕಾಣುವುದಿಲ್ಲ. ಅಳಿಸಿಹಾಕುವುದೆಂದರೆ ಇಲಾಖೆಗಳು ತಮ್ಮ ಪ್ರತಿಗಳನ್ನು ನಾಶಮಾಡುತ್ತವೆ, ರಾಜ್ಯದ ಕಾನೂನು ಪಾಲನಾ ಇಲಾಖೆಯಲ್ಲಿ ಮಾತ್ರ ಗೋಪ್ಯ ಪ್ರತಿಯೊಂದು ಉಳಿಯುತ್ತದೆ. ಎರಡಕ್ಕೂ ಮೊದಲು 75 ಡಾಲರ್ ಶುಲ್ಕದೊಂದಿಗೆ ಅರ್ಹತಾ ಪತ್ರ ಪಡೆದು, ಬಳಿಕ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಅಪರಾಧಿಯೆಂದು ಘೋಷಿತರಾದವರಿಗೆ ಈ ಬಾಗಿಲು ಮುಚ್ಚಿದೆ, ಉಳಿದವರಿಗೂ ಸಾಮಾನ್ಯವಾಗಿ ಜೀವನದಲ್ಲಿ ಒಮ್ಮೆ ಮಾತ್ರ ತೆರೆಯುತ್ತದೆ. ಅಳಿಸುವ ಆದೇಶ ಸರ್ಕಾರಿ ಕಚೇರಿಗಳನ್ನು ಕಟ್ಟಿಹಾಕುತ್ತದೆಯೇ ಹೊರತು, ಆ ಮುನ್ನವೇ ಪ್ರತಿ ಮಾಡಿಕೊಂಡ ಖಾಸಗಿ ಭಂಡಾರಗಳನ್ನು ತಾನಾಗಿಯೇ ತಲುಪುವುದಿಲ್ಲ. ಬಂಧನದ ಸುದ್ದಿ ಗಂಟೆಗಳಲ್ಲಿ ಹರಡುವಾಗ ಅದನ್ನು ಹಿಂದಕ್ಕೆ ಪಡೆಯುವ ಪ್ರಕ್ರಿಯೆ ತಿಂಗಳುಗಟ್ಟಲೆ ಹಿಡಿಯುವುದು ಈ ವ್ಯವಸ್ಥೆಯ ಮೂಲ ಅಸಮತೆ.

ವಿದೇಶಿ ವಿದ್ಯಾರ್ಥಿಯ ಹೆಚ್ಚುವರಿ ಭಾರ

ಅಮೆರಿಕದಲ್ಲಿ ಓದುತ್ತಿರುವ ಭಾರತೀಯ ವಿದ್ಯಾರ್ಥಿಗಳಿಗೆ, ಅವರಲ್ಲಿ ಸಣ್ಣ ಸಂಖ್ಯೆಯಲ್ಲೇನೂ ಇಲ್ಲದ ಕನ್ನಡಿಗರಿಗೆ, ಈ ಕಡತದ ಭಾರ ಇನ್ನೊಂದು ತೂಕ ಹೆಚ್ಚು. ವೀಸಾ ಅರ್ಜಿ ನಮೂನೆ ಕೇಳುವುದು ಶಿಕ್ಷೆಯಾಗಿದೆಯೇ ಎಂದಷ್ಟೇ ಅಲ್ಲ, ಎಂದಾದರೂ ಬಂಧನವಾಗಿದೆಯೇ ಎಂದು. ಕ್ಷಮಾದಾನ ಸಿಕ್ಕಿದ್ದರೂ ಹೌದೆಂದೇ ಬರೆಯಬೇಕು. ರಾಜ್ಯದ ನ್ಯಾಯಾಧೀಶ ತಡೆಹಿಡಿದ ಅಪರಾಧ ಘೋಷಣೆಯನ್ನು, ತಪ್ಪೊಪ್ಪಿಗೆಯೂ ಯಾವುದಾದರೂ ದಂಡನೆಯೂ ಜೊತೆಗಿದ್ದರೆ, ವಲಸೆ ಕಾನೂನು ಶಿಕ್ಷಾ ತೀರ್ಪಾಗಿಯೇ ಎಣಿಸುತ್ತದೆ. ಕುಡಿದು ವಾಹನ ಚಲಾಯಿಸಿದ ಆರೋಪದ ಬಂಧನವಾದರೆ, ತೀರ್ಪಿಗೆ ಕಾಯದೆ ವೀಸಾ ರದ್ದುಮಾಡುವ ಪದ್ಧತಿ 2015ರಿಂದ ಇದೆ. 2025ರ ವಸಂತದಲ್ಲಿ ವಲಸೆ ಅಧಿಕಾರಿಗಳು ಸುಮಾರು 13 ಲಕ್ಷ ವಿದೇಶಿ ವಿದ್ಯಾರ್ಥಿಗಳ ಹೆಸರುಗಳನ್ನು ಪೊಲೀಸರ ರಾಷ್ಟ್ರೀಯ ಭಂಡಾರದ ಜೊತೆ ಹೋಲಿಸಿ ನೋಡಿದಾಗ ಸುಮಾರು 6,400 ಹೆಸರುಗಳು ಹೊಂದಿದವು ಎಂದು ನ್ಯಾಯಾಲಯದಲ್ಲಿ ತಿಳಿಸಲಾಯಿತು. ಅದರ ಆಧಾರದ ಮೇಲೆ ಸಾವಿರಾರು ವಿದ್ಯಾರ್ಥಿಗಳ ವಾಸ್ತವ್ಯದ ದಾಖಲೆ ಇದ್ದಕ್ಕಿದ್ದಂತೆ ರದ್ದಾಯಿತು. ವರ್ಷಗಳ ಹಿಂದೆಯೇ ವಜಾ ಆಗಿದ್ದ ಅಜಾಗರೂಕ ಚಾಲನೆಯ ಪ್ರಕರಣವನ್ನು ಹೊತ್ತ ಭಾರತೀಯ ವಿದ್ಯಾರ್ಥಿಯೂ ಅವರಲ್ಲಿದ್ದ. ನ್ಯಾಯಾಲಯಗಳ ಸಾಲುಸಾಲು ತಡೆಯಾಜ್ಞೆಗಳ ಬಳಿಕ ಏಪ್ರಿಲ್ ಕೊನೆಯಲ್ಲಿ ಸರ್ಕಾರ ದಾಖಲೆಗಳನ್ನು ಮತ್ತೆ ಜೀವಂತಗೊಳಿಸಿತು. ಬಂಧನವನ್ನು ಬರೆದಿಟ್ಟುಕೊಂಡು ಅದರ ಅಂತ್ಯವನ್ನು ನೋಡದ ಭಂಡಾರ ಯಾವ ಹಾನಿ ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಇಂಥ ಸಂದರ್ಭದಲ್ಲಿ ಕುಟುಂಬಗಳು ತಿಳಿದಿರಬೇಕಾದ ಹಕ್ಕುಗಳೂ ಇವೆ. ಕಾನ್ಸುಲರ್ ಸಂಬಂಧಗಳ ಕುರಿತ ವಿಯೆನ್ನಾ ಒಡಂಬಡಿಕೆಯ 36ನೇ ವಿಧಿಯಂತೆ, ಬಂಧಿತ ವಿದೇಶೀಯನಿಗೆ ತನ್ನ ದೇಶದ ದೂತಾವಾಸಕ್ಕೆ ಸುದ್ದಿ ಮುಟ್ಟಿಸುವ ಹಕ್ಕಿದೆಯೆಂದು ಪೊಲೀಸರು ತಿಳಿಸಬೇಕು. ಫ್ಲಾರಿಡಾದಲ್ಲಿರುವ ಭಾರತೀಯರಿಗೆ ಅಟ್ಲಾಂಟಾದ ಭಾರತೀಯ ಕಾನ್ಸುಲೇಟ್ ಆ ಕೆಲಸ ಮಾಡುತ್ತದೆ. ಅಪರಾಧದ ವಕೀಲನ ಜೊತೆಗೆ ವಲಸೆ ಕಾನೂನಿನ ವಕೀಲನನ್ನೂ ಕೇಳದೆ ಸುಲಭದ ರಾಜಿಗೆ ಒಪ್ಪುವುದು ವಿದೇಶಿ ವಿದ್ಯಾರ್ಥಿಗೆ ಅಪಾಯಕಾರಿ. ಪ್ರಕರಣ ಮುಗಿದ ಮೇಲೆ ಗುಮಾಸ್ತನ ಕಚೇರಿಯಿಂದ ಅಂತಿಮ ಆದೇಶದ ದೃಢೀಕೃತ ಪ್ರತಿಗಳನ್ನು ಪಡೆದಿಟ್ಟುಕೊಳ್ಳುವುದು, ಅದೂ ದಾಖಲೆ ಅಳಿಸಿಹಾಕುವ ಮುನ್ನವೇ ಪಡೆಯುವುದು, ಮುಂದಿನ ವೀಸಾ ಸಂದರ್ಶನಗಳ ದೃಷ್ಟಿಯಿಂದ ಅತ್ಯಗತ್ಯ. ಏಕೆಂದರೆ ಅಳಿಸಿಹೋದ ಪ್ರಕರಣದ ಬಗ್ಗೆಯೂ ಕಾನ್ಸುಲರ್ ಅಧಿಕಾರಿ ಕಾಗದ ಕೇಳಬಹುದು, ಆಗ ಕೊಡಲು ಕಚೇರಿಯಲ್ಲಿ ಕಾಗದವಿರುವುದಿಲ್ಲ.

ತೆರೆದಿರಬೇಕಾದದ್ದು ಯಾವುದು

ಈ ಎಲ್ಲ ಹಾನಿಗಳನ್ನು ಕಂಡು ಬಂಧನದ ದಾಖಲೆಗಳನ್ನೇ ಮುಚ್ಚಿಬಿಡಬೇಕು ಎಂಬ ವಾದ ಸಹಜವಾದರೂ ಅದು ಮೂಲ ಭಯವನ್ನು ಮರೆಯುತ್ತದೆ. ಯಾವ ಬಡಾವಣೆಯಲ್ಲಿ, ಯಾವ ಬಣ್ಣದವರನ್ನು, ಯಾವ ಕ್ಷುಲ್ಲಕ ಕಾರಣಕ್ಕೆ ಹೆಚ್ಚು ಹಿಡಿಯಲಾಗುತ್ತಿದೆ, ಜೈಲಿನಲ್ಲಿ ಯಾರು ಜಾಮೀನಿನ ಹಣವಿಲ್ಲದೆ ಕೊಳೆಯುತ್ತಿದ್ದಾರೆ, ಯಾವ ಅಧಿಕಾರಿಯ ಬಂಧನಗಳು ನ್ಯಾಯಾಲಯದಲ್ಲಿ ಪದೇ ಪದೇ ಬಿದ್ದುಹೋಗುತ್ತಿವೆ ಎಂಬುದನ್ನು ಪತ್ರಿಕೆಗಳೂ ಸಂಶೋಧಕರೂ ಕಂಡುಕೊಳ್ಳುವುದು ಇದೇ ಕಡತಗಳಿಂದ. 1973ರಿಂದ ವಿಶ್ವವಿದ್ಯಾಲಯದ ಹಿಡಿತದಿಂದ ಸ್ವತಂತ್ರವಾಗಿ ನಡೆಯುತ್ತಿರುವ ಗೇನ್ಸ್‌ವಿಲ್‌ನ ವಿದ್ಯಾರ್ಥಿ ಪತ್ರಿಕೆ 'ದಿ ಇಂಡಿಪೆಂಡೆಂಟ್ ಫ್ಲಾರಿಡಾ ಆಲಿಗೇಟರ್'ನ ವರದಿಗಾರರು ತಮ್ಮ ವೃತ್ತಿಯ ಮೊದಲ ಪಾಠಗಳನ್ನು ಕಲಿಯುವುದೂ ಇಂಥ ದಾಖಲೆಗಳ ಮೇಲೆಯೇ.

ಕೆಡುಕು ಇರುವುದು ದಾಖಲೆ ತೆರೆದಿರುವುದರಲ್ಲಿ ಅಲ್ಲದೆ, ಅದು ಅರ್ಧಕ್ಕೇ ತೆರೆದಿರುವುದರಲ್ಲಿ. ಬಂಧನವನ್ನು ಪ್ರಕಟಿಸುವ ಕಚೇರಿ ಬೇರೆ, ಅಂತ್ಯವನ್ನು ಬರೆಯುವ ಕಚೇರಿ ಬೇರೆ, ಎರಡನ್ನೂ ಜೋಡಿಸುವ ಹೊಣೆ ಯಾರದೂ ಅಲ್ಲ. ಜೈಲಿನ ಪಟ್ಟಿಯ ಪ್ರತಿ ಹೆಸರಿನ ಎದುರಿಗೂ ಪ್ರಕರಣದ ಇಂದಿನ ಸ್ಥಿತಿಯನ್ನು ನಮೂದಿಸುವುದು, ಆ ಸ್ಥಿತಿಯನ್ನು ಬಿಟ್ಟು ಹೆಸರನ್ನಷ್ಟೇ ಎತ್ತಿಕೊಂಡು ಮಾರುವವರಿಗೆ ಪ್ರತಿ ನಿರಾಕರಿಸುವುದು, ವಜಾ ಆದ ಪ್ರಕರಣದ ಮುಖಚಿತ್ರವನ್ನು ಸರ್ಕಾರವೇ ತಾನಾಗಿ ಕೆಳಗಿಳಿಸುವುದು ಇವು ಯಾವುವೂ ತಾಂತ್ರಿಕವಾಗಿ ಕಷ್ಟದವಲ್ಲ. ಪೊಲೀಸರ ಮೇಲಿನ ಕಣ್ಗಾವಲನ್ನು ಇವು ಕುಗ್ಗಿಸುವುದೂ ಇಲ್ಲ. ಶಾಸನಗಳು ಅಲ್ಲಿಯವರೆಗೆ ಬರುವ ತನಕ ಆ ಜೋಡಣೆಯ ಹೊಣೆ ಓದುವವನ ಮೇಲೆಯೇ ಬೀಳುತ್ತದೆ: ಜೈಲಿನ ಪಟ್ಟಿಯಲ್ಲಿ ಹೆಸರೊಂದನ್ನು ಕಂಡವನು ಜನ್ಮದಿನಾಂಕ ಹೋಲಿಸಿ ಅದೇ ವ್ಯಕ್ತಿಯೇ ಎಂದು ಖಚಿತಪಡಿಸಿಕೊಂಡು, ಗುಮಾಸ್ತನ ಕಚೇರಿಯಲ್ಲಿ ಪ್ರಕರಣದ ಕೊನೆಯ ಆದೇಶ ಓದಿದ ನಂತರವೇ ಆ ಹೆಸರಿನ ಬಗ್ಗೆ ಮತ್ತೊಬ್ಬರಿಗೆ ಹೇಳಲು ಅರ್ಹನಾಗುತ್ತಾನೆ.